‘ಪ್ರತಿಬಂಧಕ’ ಕಾಂತೀಯ ಪ್ರಚೋದನೆಯಿಂದ ಮೋಟರ್ ಕಾರ್ಟೆಕ್ಸಿನ ಪ್ರತಿಬಂಧ ನಿಜವಾಗಿಯೂ ಹೆಚ್ಚುತ್ತದೆಯೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಬಡಿದವರ ಕೈಬೆರಳುಗಳಿಗೆ ಚಲನೆ ಮರಳಿಸುವುದು ನನ್ನ ದಿನನಿತ್ಯದ ಕೆಲಸ. ಕಳೆದ ತಿಂಗಳು ಟಿಎಂಎಸ್, ಅಂದರೆ ತಲೆಬುರುಡೆಯ ಹೊರಗಿನಿಂದ ಮಿದುಳಿಗೆ ಕೊಡುವ ಕಾಂತೀಯ ಪ್ರಚೋದನೆಯ ಬಗ್ಗೆ ಒಂದು ತರಬೇತಿಗೆ ಹೋಗಿದ್ದೆ. ಸೆಕೆಂಡಿಗೆ ಒಂದರಂತೆ ಪಲ್ಸ್ ಕೊಟ್ಟರೆ ಅದು ಪ್ರತಿಬಂಧಕ (ತಡೆಯುವಂಥದ್ದು), ಐದು ಅಥವಾ ಹತ್ತರಂತೆ ಕೊಟ್ಟರೆ ಉದ್ದೀಪಕ (ಚುರುಕುಗೊಳಿಸುವಂಥದ್ದು) ಎಂದು ಅಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಮೋಟರ್ ಕಾರ್ಟೆಕ್ಸಿನಲ್ಲಿ, ಅಂದರೆ ಚಲನೆಯನ್ನು ನಡೆಸುವ ಮಿದುಳಿನ ಮೇಲ್ಪದರದಲ್ಲಿ, ಗಾಬಾ ಎಂಬ ರಾಸಾಯನಿಕದ ಮೂಲಕ ನೆರೆಯ ಕೋಶಗಳನ್ನು ತಡೆದು ಹಿಡಿಯುವ ನರಕೋಶಗಳಿವೆ ಎಂಬುದನ್ನು ಓದಿದ್ದೇನೆ. ಹಾಗಾದರೆ 1 ಹರ್ಟ್ಜ್ ಪ್ರಚೋದನೆಯು ಈ ತಡೆಯುವ ಕೋಶಗಳನ್ನು ಬಲಪಡಿಸುತ್ತದೆಯೇ, ಅಥವಾ ಉದ್ದೀಪಿಸುವ ಕೋಶಗಳನ್ನು ದುರ್ಬಲಗೊಳಿಸುತ್ತದೆಯೇ? ಎರಡರ ಫಲವೂ ಹೊರನೋಟಕ್ಕೆ ಒಂದೇ ರೀತಿ ಕಾಣಬಹುದಾದರೂ, ರೋಗಿಯ ಮುಂದೆ ನಿಲ್ಲುವ ನಮಗೆ ಈ ವ್ಯತ್ಯಾಸ ಮುಖ್ಯವೆಂದು ನನಗೆ ಅನಿಸುತ್ತದೆ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಅಲೆಮಾಪಕ:

ನಮಸ್ಕಾರ ಮೇಡಂ. ನಾನು ನರಶರೀರಶಾಸ್ತ್ರದ ಒಂದು ಪ್ರಯೋಗಾಲಯದಲ್ಲಿ ಇದೇ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ತಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ‘ಪ್ರತಿಬಂಧ’ ಎಂಬ ಒಂದೇ ಪದವನ್ನು ಈ ಕ್ಷೇತ್ರದವರು ಎರಡು ಬೇರೆ ಸಂಗತಿಗಳಿಗೆ ಬಳಸುತ್ತಾರೆ, ಗೊಂದಲವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಾಮ್ರದ ಕಾಯಿಲ್ ಇಟ್ಟು, ಅದರಲ್ಲಿ ಕ್ಷಣಮಾತ್ರ ಭಾರಿ ವಿದ್ಯುತ್ ಹರಿಸಿ, ಎದುರು ಬದಿಯ ಕೈ ಅಲುಗುವಂತೆ ಮಾಡಿದರು. ಐದು ವರ್ಷ ಹಿಂದೆ ಮರ್ಟನ್ ಮತ್ತು ಮಾರ್ಟನ್ ನೇರ ವಿದ್ಯುತ್ತಿನಿಂದ ಇದನ್ನೇ ಸಾಧಿಸಿದ್ದರಾದರೂ ಅದು ನೋವಿನ ವಿಧಾನವಾಗಿತ್ತು. ಕಾಯಿಲ್ ಹುಟ್ಟಿಸುವ ಕಾಂತಕ್ಷೇತ್ರದ ಬಲ ಒಂದೂವರೆಯಿಂದ ಎರಡು ಟೆಸ್ಲಾ ಇರುತ್ತದೆ. ಅದು ಒಂದು ಮಿಲಿಸೆಕೆಂಡಿನೊಳಗೆ ಏರಿ ಇಳಿಯುವಾಗ ಮಿದುಳಿನ ಮೇಲ್ಪದರದಲ್ಲಿ ವಿದ್ಯುತ್ ಪ್ರವಾಹವನ್ನು ಪ್ರೇರಿಸುತ್ತದೆ. ಆ ಪ್ರಚೋದನೆ ಬೆನ್ನುಹುರಿಯ ಮೂಲಕ ಇಳಿದು ಸುಮಾರು 20 ಮಿಲಿಸೆಕೆಂಡುಗಳಲ್ಲಿ ಕೈಯ ಸ್ನಾಯುವನ್ನು ತಲುಪುತ್ತದೆ. ಅಲ್ಲಿ ಎಲೆಕ್ಟ್ರೋಡ್ ಅಂಟಿಸಿ ದಾಖಲಿಸುವ ಅಲೆಯೇ ಎಂಇಪಿ. ನಮ್ಮ ಅಳತೆಗೋಲು ಇದೊಂದೇ. ಮಿದುಳಿನೊಳಗೆ ಏನೇ ನಡೆದರೂ ಅದನ್ನು ಈ ಅಲೆಯ ಎತ್ತರದಿಂದ ಊಹಿಸಬೇಕು.

ಇನ್ನು ಆ ಎರಡು ಅರ್ಥಗಳ ವಿಚಾರ. 1997ರಲ್ಲಿ ಚೆನ್ ಮತ್ತು ಸಂಗಡಿಗರು 0.9 ಹರ್ಟ್ಜ್‌ನಲ್ಲಿ 15 ನಿಮಿಷ ಪ್ರಚೋದನೆ ಕೊಟ್ಟಾಗ ಎಂಇಪಿಯ ಎತ್ತರ ಸರಾಸರಿ ಐದರಲ್ಲೊಂದು ಪಾಲಿನಷ್ಟು ತಗ್ಗಿತು, ಆ ತಗ್ಗು ಪ್ರಚೋದನೆ ನಿಂತ ಮೇಲೂ ಉಳಿಯಿತು. ಅಲೆ ತಗ್ಗಿತು ಎಂಬ ಕಾರಣಕ್ಕೆ ಇದನ್ನು ‘ಪ್ರತಿಬಂಧಕ’ ಎಂದು ಕರೆದರು. ಇದು ಫಲವನ್ನು ಸೂಚಿಸುವ ಹೆಸರೇ ಹೊರತು ಕಾರಣವನ್ನು ಸೂಚಿಸುವ ಹೆಸರಲ್ಲ. ತಾವು ಕೇಳುತ್ತಿರುವ ಪ್ರತಿಬಂಧವು ಗಾಬಾ ಕೋಶಗಳ ಕೆಲಸ, ಅದನ್ನು ಅಳೆಯುವ ವಿಧಾನವೇ ಬೇರೆ.

ಆ ವಿಧಾನ 1993ರಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ ರೂಪುಗೊಂಡಿತು. ಕುಜಿರಾಯ್ ಮತ್ತು ಸಂಗಡಿಗರು ಒಂದೇ ಕಾಯಿಲ್‌ನಿಂದ ಎರಡು ಪಲ್ಸ್‌ಗಳನ್ನು ಒಂದರ ಬೆನ್ನಿಗೆ ಒಂದನ್ನು ಕೊಟ್ಟರು. ಮೊದಲನೆಯದು ಎಷ್ಟು ಮೆಲ್ಲಗೆಂದರೆ ಅದೊಂದರಿಂದಲೇ ಕೈ ಅಲುಗುವುದಿಲ್ಲ. ಎರಡನೆಯದು ಸುಮಾರು ಒಂದು ಮಿಲಿವೋಲ್ಟ್ ಎತ್ತರದ ಎಂಇಪಿ ಕೊಡುವಷ್ಟು ಬಲವಾದದ್ದು. ಇವೆರಡರ ನಡುವೆ 1ರಿಂದ 6 ಮಿಲಿಸೆಕೆಂಡ್ ಅಂತರವಿದ್ದರೆ ಎರಡನೆಯ ಅಲೆ ಗಣನೀಯವಾಗಿ ಕುಗ್ಗುತ್ತದೆ, ಅಂತರವನ್ನು 10ರಿಂದ 15ಕ್ಕೆ ಏರಿಸಿದರೆ ಅದೇ ಅಲೆ ಹಿಗ್ಗುತ್ತದೆ. ಮೆಲ್ಲಗಿನ ಪಲ್ಸ್‌ಗೆ ಎಚ್ಚರಗೊಳ್ಳುವವರಲ್ಲಿ ಪ್ರತಿಬಂಧಕ ಕೋಶಗಳೇ ಮೊದಲಿಗರು, ಅವು ಕೆಲವು ಮಿಲಿಸೆಕೆಂಡ್ ಬಾಗಿಲು ಮುಚ್ಚಿ ಹಿಡಿಯುತ್ತವೆ ಎಂಬುದು ಇದರ ವಿವರಣೆ. ಇದನ್ನು ಎಸ್‌ಐಸಿಐ ಎನ್ನುತ್ತಾರೆ. ನಾನು ‘ಅಲ್ಪಾಂತರ ಪ್ರತಿಬಂಧ’ ಎಂದು ಬರೆಯುತ್ತೇನೆ.

ಇನ್ನೊಂದು ಬಗೆಯೂ ಇದೆ. ಎರಡೂ ಪಲ್ಸ್ ಬಲವಾಗಿದ್ದು ಅಂತರ 50ರಿಂದ 200 ಮಿಲಿಸೆಕೆಂಡ್ ಇದ್ದಾಗ ಕಾಣುವುದು ‘ದೀರ್ಘಾಂತರ ಪ್ರತಿಬಂಧ’. ವ್ಯಕ್ತಿ ಬೆರಳನ್ನು ಬಿಗಿಹಿಡಿದಿರುವಾಗ ಒಂದೇ ಬಲವಾದ ಪಲ್ಸ್ ಕೊಟ್ಟರೆ ಎಂಇಪಿಯ ನಂತರ ಸ್ನಾಯುವಿನ ಚಟುವಟಿಕೆ 100ರಿಂದ 300 ಮಿಲಿಸೆಕೆಂಡ್ ಪೂರ್ತಿ ನಿಂತುಹೋಗುತ್ತದೆ. ಅದು ‘ಮೌನಾವಧಿ’. ಅದರ ಮೊದಲ ಭಾಗಕ್ಕೆ ಬೆನ್ನುಹುರಿ ಕಾರಣ, ಉಳಿದ ಉದ್ದಕ್ಕೆ ಕಾರ್ಟೆಕ್ಸ್ ಕಾರಣ.

ಈಗ ತಮ್ಮ ಪ್ರಶ್ನೆಗೆ ಬರುತ್ತೇನೆ. ಆರೋಗ್ಯವಂತರಲ್ಲಿ 1 ಹರ್ಟ್ಜ್ ಪ್ರಚೋದನೆಯ ನಂತರ ಎಂಇಪಿ ತಗ್ಗಿದರೂ ಅಲ್ಪಾಂತರ ಪ್ರತಿಬಂಧ ಹೆಚ್ಚಿತೆಂದು ಖಚಿತವಾಗಿ ಹೇಳುವಂಥ ಏಕರೂಪದ ಫಲ ಬಂದಿಲ್ಲ. ಹೆಚ್ಚಿನ ಅಧ್ಯಯನಗಳಲ್ಲಿ ಅದು ಇದ್ದಲ್ಲೇ ಇದೆ. ಹೀಗಾಗಿ ‘ಪ್ರತಿಬಂಧಕ ಪ್ರಚೋದನೆ ಪ್ರತಿಬಂಧವನ್ನು ಹೆಚ್ಚಿಸುತ್ತದೆ’ ಎಂಬ ವಾಕ್ಯ ಕೇಳಲು ಸಹಜವಾಗಿದ್ದರೂ ಪ್ರಯೋಗದ ಬೆಂಬಲವಿಲ್ಲದ ವಾಕ್ಯ ಎಂದೇ ನನ್ನ ತಿಳಿವಳಿಕೆ.

ಸುರುಳಿತಂತಿ:

ನಾನು ವಿದ್ಯುತ್ ಎಂಜಿನಿಯರ್, ಮಿದುಳಿನ ವಿಷಯದಲ್ಲಿ ವಿದ್ಯಾರ್ಥಿ. ಒಂದು ಸಂದೇಹವಿದೆ. ಎರಡು ಪಲ್ಸ್‌ಗಳ ನಡುವೆ ಎರಡೋ ಮೂರೋ ಮಿಲಿಸೆಕೆಂಡ್ ಮಾತ್ರ ಇದ್ದಾಗ ಎರಡನೆಯದರ ಫಲ ಕುಗ್ಗಿತು ಎಂದರೆ, ಅದಕ್ಕೆ ಮಿದುಳೇ ಕಾರಣವೆಂದು ಹೇಗೆ ನಂಬುವುದು? ಮೊದಲ ಪಲ್ಸ್‌ಗೆ ಕೆಪಾಸಿಟರ್ ಬರಿದಾಗಿ ಎರಡನೆಯದು ದುರ್ಬಲವಾಗಿರಬಾರದೇಕೆ? ಅಥವಾ ತಡೆ ಬೆನ್ನುಹುರಿಯಲ್ಲಿ ಆಗಿರಬಾರದೇಕೆ?

ಅಲೆಮಾಪಕ:

ಮೊದಲನೆಯದಕ್ಕೆ ಉತ್ತರ ಸರಳ. ಎರಡು ಪ್ರತ್ಯೇಕ ಯಂತ್ರಗಳನ್ನು ಒಂದೇ ಕಾಯಿಲ್‌ಗೆ ಜೋಡಿಸಿರುತ್ತಾರೆ, ಎರಡಕ್ಕೂ ತಮ್ಮ ತಮ್ಮ ಕೆಪಾಸಿಟರ್ ಇರುತ್ತದೆ. ಅಲ್ಲದೆ ಯಂತ್ರವೇ ಕಾರಣವಾಗಿದ್ದರೆ 10 ಮಿಲಿಸೆಕೆಂಡ್ ಅಂತರದಲ್ಲಿ ಅಲೆ ಹಿಗ್ಗಲು ಕಾರಣವೇ ಇರುತ್ತಿರಲಿಲ್ಲ.

ಎರಡನೆಯ ಸಂದೇಹವನ್ನು ಕುಜಿರಾಯ್ ತಂಡವೇ ಎತ್ತಿಕೊಂಡಿತ್ತು. ಮುಂಗೈ ಸ್ನಾಯುವಿನ ಎಚ್-ರಿಫ್ಲೆಕ್ಸ್ ಬೆನ್ನುಹುರಿಯ ಉದ್ದೀಪನ ಮಟ್ಟವನ್ನು ತೋರಿಸುವ ಪರೀಕ್ಷೆ. ಮೆಲ್ಲಗಿನ ಪಲ್ಸ್ ಕೊಟ್ಟಾಗ ಅದು ಬದಲಾಗಲಿಲ್ಲ. ಎರಡನೆಯ ಪ್ರಚೋದನೆಯಾಗಿ ಕಾಂತೀಯ ಪಲ್ಸ್‌ನ ಬದಲು ನೇರ ವಿದ್ಯುತ್ ಕೊಟ್ಟರೂ ತಡೆ ಹೆಚ್ಚು ಕಾಣಲಿಲ್ಲ. ವಿದ್ಯುತ್ತು ಕೆಳಗಿಳಿಯುವ ನರತಂತುಗಳನ್ನೇ ನೇರವಾಗಿ ಹೊಡೆಯುವುದರಿಂದ ಕಾರ್ಟೆಕ್ಸಿನೊಳಗಿನ ತಡೆಯನ್ನು ಅದು ತಪ್ಪಿಸಿಕೊಂಡು ಹೋಗಿಬಿಡುತ್ತದೆ. ಇದರಿಂದ ತಡೆಯ ಸ್ಥಾನ ಕಾರ್ಟೆಕ್ಸೇ ಎಂದು ಅವರು ನಿರ್ಧರಿಸಿದರು.

ಇದಕ್ಕಿಂತಲೂ ನೇರವಾದ ಸಾಕ್ಷ್ಯ ಇಟಲಿಯ ಡಿ ಲಜಾರೊ ಅವರದು. ನೋವಿನ ಚಿಕಿತ್ಸೆಗಾಗಿ ಕುತ್ತಿಗೆಯ ಭಾಗದಲ್ಲಿ, ಬೆನ್ನುಹುರಿಯ ಹೊದಿಕೆಯ ಹೊರಗೆ, ಎಲೆಕ್ಟ್ರೋಡ್ ಇರಿಸಿಕೊಂಡಿದ್ದ ರೋಗಿಗಳ ಒಪ್ಪಿಗೆ ಪಡೆದು ಅವರು ಕೆಳಗಿಳಿಯುವ ಅಲೆಗಳನ್ನು ಸ್ನಾಯುವಿಗೆ ತಲುಪುವ ಮೊದಲೇ ದಾಖಲಿಸಿದರು. ಒಂದು ಟಿಎಂಎಸ್ ಪಲ್ಸ್‌ಗೆ ಒಂದೇ ಅಲೆ ಇಳಿಯುವುದಿಲ್ಲ, ಸುಮಾರು ಒಂದೂವರೆ ಮಿಲಿಸೆಕೆಂಡಿಗೊಂದರಂತೆ ಹಲವು ಅಲೆಗಳು ಸಾಲಾಗಿ ಇಳಿಯುತ್ತವೆ. ಅವುಗಳಿಗೆ ಐ-1, ಐ-2, ಐ-3 ಎಂಬ ಹೆಸರುಗಳಿವೆ. ಮೆಲ್ಲಗಿನ ಪಲ್ಸ್ ಮೊದಲು ಬಂದಾಗ ಐ-1 ಬಹುತೇಕ ಹಾಗೆಯೇ ಉಳಿದು, ತಡವಾಗಿ ಬರುವ ಅಲೆಗಳು ಕುಗ್ಗುತ್ತವೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಚರ್ಚೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ಔಷಧಶಾಲೆ:

ನಾನು ಔಷಧಶಾಸ್ತ್ರದ ಬೋಧಕ. ಅಲೆಮಾಪಕ ಅವರ ವಿವರಣೆಗೆ ಔಷಧಗಳ ಸಾಕ್ಷ್ಯವನ್ನು ಸೇರಿಸುತ್ತೇನೆ, ಜೊತೆಗೆ ಅವರ ತೀರ್ಮಾನಕ್ಕೆ ಒಂದು ಆಕ್ಷೇಪವನ್ನೂ ಎತ್ತುತ್ತೇನೆ.

ಲೊರಾಜೆಪಾಮ್, ಡಯಾಜೆಪಾಮ್‌ನಂಥ ಮಾತ್ರೆಗಳು ಗಾಬಾವನ್ನು ಹಿಡಿದು ಕೋಶಕ್ಕೆ ಅದರ ಸಂದೇಶ ಮುಟ್ಟಿಸುವ ಗಾಬಾ-ಎ ಗ್ರಾಹಕದ ಕೆಲಸವನ್ನು ಬಲಪಡಿಸುತ್ತವೆ. ಅವನ್ನು ಕೊಟ್ಟಾಗ ಅಲ್ಪಾಂತರ ಪ್ರತಿಬಂಧ ಹೆಚ್ಚುತ್ತದೆ. ನಿದ್ರೆಗೆ ಕೊಡುವ ಜೋಲ್ಪಿಡೆಮ್ ಕೂಡ ಗಾಬಾ-ಎ ಗ್ರಾಹಕದ ಮೇಲೆಯೇ ಕೆಲಸ ಮಾಡಿದರೂ, ಮುಖ್ಯವಾಗಿ ಆಲ್ಫಾ-1 ಉಪಘಟಕವಿರುವ ಬಗೆಯನ್ನು ಹಿಡಿಯುತ್ತದೆ, ಅದರಿಂದ ಅಲ್ಪಾಂತರ ಪ್ರತಿಬಂಧ ಬದಲಾಗುವುದಿಲ್ಲ. ಅಂದರೆ ಈ ಪರೀಕ್ಷೆ ‘ಗಾಬಾ’ ಎಂಬ ಇಡೀ ವ್ಯವಸ್ಥೆಯನ್ನು ಅಳೆಯದೆ ಅದರೊಳಗಿನ ಒಂದು ಕವಲನ್ನು ಮಾತ್ರ ಅಳೆಯುತ್ತದೆ. ಸ್ನಾಯುಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್ ಗಾಬಾ-ಬಿ ಗ್ರಾಹಕವನ್ನು ಚುರುಕುಗೊಳಿಸುತ್ತದೆ. ಅದರಿಂದ ದೀರ್ಘಾಂತರ ಪ್ರತಿಬಂಧ ಹೆಚ್ಚಿ, ಅಲ್ಪಾಂತರ ಪ್ರತಿಬಂಧ ಕಡಿಮೆಯಾಗುತ್ತದೆ. ಸಿನಾಪ್ಸ್‌ನಲ್ಲಿ (ಎರಡು ನರಕೋಶಗಳು ಸಂಧಿಸುವ ಜಾಗದಲ್ಲಿ) ಗಾಬಾ ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ಟಯಾಗಬಿನ್ ಕೊಟ್ಟರೂ ಅದೇ ಚಿತ್ರ. ಪ್ರತಿಬಂಧಕ ಕೋಶಗಳ ತುದಿಯಲ್ಲೇ ಗಾಬಾ-ಬಿ ಗ್ರಾಹಕಗಳಿದ್ದು, ಅವು ಮುಂದಿನ ಗಾಬಾ ಬಿಡುಗಡೆಯನ್ನು ತಡೆಯುತ್ತವೆ ಎಂಬುದು ಇದಕ್ಕೆ ಕಾರಣ. ಒಂದು ತಡೆ ಇನ್ನೊಂದು ತಡೆಯನ್ನು ತಡೆಯುವ ಇಂಥ ಜಾಲದಲ್ಲಿ ‘ಪ್ರತಿಬಂಧ ಹೆಚ್ಚಿತು’ ಎಂದು ಹೇಳುವವರು ‘ಯಾವ ಪ್ರತಿಬಂಧ’ ಎಂಬುದನ್ನೂ ಹೇಳಬೇಕು.

ಇನ್ನು ಆಕ್ಷೇಪ. 2005ರಲ್ಲಿ ಹುವಾಂಗ್ ಮತ್ತು ಸಂಗಡಿಗರು ಥೀಟಾ ಬರ್ಸ್ಟ್ ಎಂಬ ಕ್ರಮವನ್ನು ಪರಿಚಯಿಸಿದರು. 50 ಹರ್ಟ್ಜ್‌ನ ಮೂರು ಪಲ್ಸ್‌ಗಳ ಗೊಂಚಲನ್ನು ಸೆಕೆಂಡಿಗೆ ಐದು ಬಾರಿಯಂತೆ ಕೊಡುವುದು ಆ ಕ್ರಮ. ಬಿಡುವಿಲ್ಲದೆ 40 ಸೆಕೆಂಡುಗಳಲ್ಲಿ 600 ಪಲ್ಸ್ ಕೊಟ್ಟರೆ ಎಂಇಪಿ ಸುಮಾರು ಒಂದು ಗಂಟೆ ತಗ್ಗಿರುತ್ತದೆ. ಎರಡು ಸೆಕೆಂಡ್ ಕೊಟ್ಟು ಎಂಟು ಸೆಕೆಂಡ್ ಬಿಡುತ್ತ ಹೋದರೆ ಅಷ್ಟೇ ಪಲ್ಸ್‌ಗಳಿಂದ ಎಂಇಪಿ ಹೆಚ್ಚುತ್ತದೆ. ಮೊದಲನೆಯ ಕ್ರಮದ ನಂತರ ಮೋಟರ್ ಕಾರ್ಟೆಕ್ಸಿನಲ್ಲಿ ಗಾಬಾ ಪ್ರಮಾಣ ಏರಿದ್ದನ್ನು 2009ರಲ್ಲಿ ಸ್ಟಾಗ್ ಮತ್ತು ಸಂಗಡಿಗರು ಮಿದುಳಿನ ರಾಸಾಯನಿಕಗಳನ್ನು ಹೊರಗಿನಿಂದಲೇ ಅಳೆಯುವ ಎಂಆರ್ ಸ್ಪೆಕ್ಟ್ರೋಸ್ಕೋಪಿಯಿಂದ ತೋರಿಸಿದ್ದಾರೆ. ಗಾಬಾ ಏರಿತು, ಎಂಇಪಿ ಇಳಿಯಿತು ಎಂದಾದ ಮೇಲೆ ಪ್ರತಿಬಂಧ ಹೆಚ್ಚಿತು ಎನ್ನಲು ಅಡ್ಡಿಯೇನು?

ಅಲೆಮಾಪಕ:

ಸರ್, ಆಕ್ಷೇಪ ಬಲವಾದದ್ದೇ. ನಾನೂ ಆ ಪ್ರಬಂಧವನ್ನು ಓದಿದಾಗ ಕೆಲಕಾಲ ತಮ್ಮಂತೆಯೇ ಯೋಚಿಸಿದ್ದೆ. ಮುಂದೆ ಎರಡು ಸಂಗತಿಗಳು ನನ್ನ ಅಭಿಪ್ರಾಯವನ್ನು ಬದಲಿಸಿದವು.

ಸ್ಪೆಕ್ಟ್ರೋಸ್ಕೋಪಿ ಅಳೆಯುವುದು ಒಂದು ಘನ ಪ್ರದೇಶದೊಳಗಿನ ಒಟ್ಟು ಗಾಬಾವನ್ನು. ಕೋಶದ ಒಳಗಿರುವುದು, ಹೊರಗಿರುವುದು, ಸಿನಾಪ್ಸ್‌ನಲ್ಲಿ ಕೆಲಸ ಮಾಡುತ್ತಿರುವುದು ಎಂಬ ಭೇದ ಅದಕ್ಕೆ ತಿಳಿಯದು. ಅದೇ ಸ್ಟಾಗ್ ತಂಡ 2011ರಲ್ಲಿ ಒಬ್ಬರ ಸ್ಪೆಕ್ಟ್ರೋಸ್ಕೋಪಿ ಗಾಬಾವನ್ನೂ ಅವರ ಅಲ್ಪಾಂತರ ಮತ್ತು ದೀರ್ಘಾಂತರ ಪ್ರತಿಬಂಧಗಳನ್ನೂ ಹೋಲಿಸಿತು. ಎರಡೂವರೆ ಮಿಲಿಸೆಕೆಂಡ್ ಅಂತರದ ಪ್ರತಿಬಂಧಕ್ಕೂ ಆ ಗಾಬಾ ಪ್ರಮಾಣಕ್ಕೂ ಹೊಂದಾಣಿಕೆ ಕಾಣಲಿಲ್ಲ. ಉಗ್ರಾಣದಲ್ಲಿರುವ ಅಕ್ಕಿಯ ತೂಕ ನೋಡಿ ಇಂದು ಒಲೆಯ ಮೇಲೆ ಎಷ್ಟು ಬೇಯುತ್ತಿದೆ ಎಂದು ಹೇಳಲಾಗದು.

ಎರಡನೆಯದು ನನಗೆ ಇನ್ನೂ ಮುಖ್ಯ. ಡಿ ಲಜಾರೊ ಅವರು ಬಿಡುವಿಲ್ಲದ ಥೀಟಾ ಬರ್ಸ್ಟ್‌ನ ನಂತರವೂ ಬೆನ್ನುಹುರಿಯ ಬಳಿ ಅಲೆಗಳನ್ನು ದಾಖಲಿಸಿದರು. ಆಗ ಪ್ರಧಾನವಾಗಿ ಕುಗ್ಗಿದ್ದು ಐ-1. ಹಿಂದೆ ಹೇಳಿದಂತೆ ಅಲ್ಪಾಂತರ ಪ್ರತಿಬಂಧವು ಮುಟ್ಟದೆ ಬಿಡುವ ಅಲೆ ಅದೇ. ಪ್ರತಿಬಂಧಕ ಕೋಶಗಳು ಚುರುಕಾಗಿದ್ದರಿಂದ ಎಂಇಪಿ ತಗ್ಗಿದ್ದರೆ ಐ-2, ಐ-3 ಮೊದಲು ಕುಗ್ಗಬೇಕಿತ್ತು. ಇಲ್ಲಿ ನಡೆದದ್ದು ಅದಕ್ಕೆ ವಿರುದ್ಧ. ಆದ್ದರಿಂದ ಐ-1 ಅಲೆಯನ್ನು ಹುಟ್ಟಿಸುವ ಉದ್ದೀಪಕ ಸಿನಾಪ್ಸ್‌ಗಳೇ ದುರ್ಬಲಗೊಂಡಿವೆ ಎಂಬ ಓದು ಹೆಚ್ಚು ಒಪ್ಪುತ್ತದೆ. ಎನ್‌ಎಂಡಿಎ ಎಂಬ, ಸಿನಾಪ್ಸ್ ಬಲ ಬದಲಾಗಲು ಬೇಕಾದ ಗ್ರಾಹಕವನ್ನು ತಡೆಯುವ ಮೆಮಾಂಟಿನ್ ಎಂಬ ಔಷಧ ಕೊಟ್ಟರೆ ಥೀಟಾ ಬರ್ಸ್ಟ್‌ನ ಎರಡೂ ಬಗೆಯ ಫಲಗಳು ಮಾಯವಾಗುತ್ತವೆ ಎಂಬುದು ಈ ಓದಿಗೆ ಪೂರಕ. ಕಲಿಕೆಯಲ್ಲಿ ಸಿನಾಪ್ಸ್‌ಗಳು ಗಟ್ಟಿಯಾಗುವ, ಸಡಿಲವಾಗುವ ಮಾರ್ಗವೇ ಇಲ್ಲಿಯೂ ಬಳಕೆಯಾಗುತ್ತಿದೆ ಎಂದು ಅದು ಸೂಚಿಸುತ್ತದೆ.

1 ಹರ್ಟ್ಜ್ ವಿಷಯದಲ್ಲಿ ಮಾತ್ರ ಇಷ್ಟು ಸ್ಪಷ್ಟ ಚಿತ್ರವಿಲ್ಲ. ಅಲ್ಲಿ ಕುಗ್ಗುವುದು ತಡವಾದ ಅಲೆಗಳು. ಹಾಗಾಗಿ ಅದಕ್ಕೂ ಥೀಟಾ ಬರ್ಸ್ಟ್‌ಗೂ ‘ಪ್ರತಿಬಂಧಕ’ ಎಂಬ ಒಂದೇ ಹಣೆಪಟ್ಟಿ ಹಚ್ಚುವುದು ಇನ್ನೊಂದು ತಪ್ಪು.

ಔಷಧಶಾಲೆ:

ಐ-1ರ ವಾದವನ್ನು ಒಪ್ಪುತ್ತೇನೆ. ಗಾಬಾ ಏರಿಕೆಯನ್ನು ಜೊತೆಗೆ ನಡೆಯುವ ಬದಲಾವಣೆ ಎಂದು ಇಟ್ಟುಕೊಳ್ಳೋಣ, ಅದನ್ನೇ ಕಾರಣ ಎನ್ನುವ ಹಟ ನನಗಿಲ್ಲ.

ದಾಖಲೆ ಬರೆಯುವವ:

ಮಾನ್ಯರೇ, ನಾನು ವಿಜ್ಞಾನಿಯೂ ಅಲ್ಲ, ವೈದ್ಯನೂ ಅಲ್ಲ. ಇಪ್ಪತ್ತಾರು ವರ್ಷಗಳಿಂದ ಕ್ರಯಪತ್ರ, ದಾನಪತ್ರಗಳನ್ನು ಕೈಬರಹದಲ್ಲಿ ಬರೆದುಕೊಂಡು ಬಂದವನು. ನಾಲ್ಕು ವರ್ಷಗಳಿಂದ ಪೆನ್ನು ಹಿಡಿದ ಕೂಡಲೇ ಹೆಬ್ಬೆರಳು ಮತ್ತು ತೋರುಬೆರಳು ತಾವಾಗಿಯೇ ಬಿಗಿದುಕೊಳ್ಳುತ್ತವೆ, ಮಣಿಕಟ್ಟು ಒಳಕ್ಕೆ ತಿರುಚುತ್ತದೆ. ಊಟ ಮಾಡಲು, ಗುಂಡಿ ಹಾಕಿಕೊಳ್ಳಲು ಯಾವ ತೊಂದರೆಯೂ ಇಲ್ಲ. ನರರೋಗ ತಜ್ಞರು ಇದನ್ನು ರೈಟರ್ಸ್ ಕ್ರ್ಯಾಂಪ್ ಎಂದರು. ಬೊಟುಲಿನಮ್ ಚುಚ್ಚುಮದ್ದಿನಿಂದ ಕೆಲವು ತಿಂಗಳು ಹಗುರವಾಗುತ್ತದೆ. ಈಚೆಗೆ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ನಿಮ್ಮ ಮಿದುಳಿನ ಬ್ರೇಕ್ ಸವೆದಿದೆ, ಹತ್ತು ಬಾರಿ ಕಾಂತದ ಚಿಕಿತ್ಸೆ ಪಡೆದರೆ ಬ್ರೇಕ್ ಮರಳಿ ಬರುತ್ತದೆ ಎಂದು ಹೇಳಿದರು. ಹಣ ಕಟ್ಟುವ ಮೊದಲು ತಿಳಿದವರನ್ನು ಕೇಳಬೇಕೆನಿಸಿತು. ಅಳೆದು ನೋಡಿದರೆ ನನ್ನ ಬ್ರೇಕ್ ಸವೆದಿದೆಯೋ ಇಲ್ಲವೋ ತಿಳಿಯುತ್ತದೆಯೇ? ಇದರಿಂದ ನನ್ನ ಕೈ ಸರಿಹೋಗುತ್ತದೆಯೇ?

ಅಲೆಮಾಪಕ:

ತಾವು ಕೇಳಿದ್ದು ಒಳ್ಳೆಯದಾಯಿತು. ಇಲ್ಲಿ ಬರೆಯುವುದು ಚಿಕಿತ್ಸೆಯ ಸಲಹೆಯಲ್ಲ, ಆದರೆ ತಮ್ಮ ನರರೋಗ ತಜ್ಞರ ಜೊತೆ ಮಾತನಾಡುವಾಗ ಉಪಯೋಗಕ್ಕೆ ಬರಬಹುದು.

ಬೆರಳೊಂದನ್ನು ಬಳಸುವಾಗ ಪಕ್ಕದ ಬೆರಳುಗಳು ಸುಮ್ಮನಿರಬೇಕಾದರೆ ಕಾರ್ಟೆಕ್ಸಿನಲ್ಲಿ ಪ್ರತಿಬಂಧ ಚೆನ್ನಾಗಿ ಕೆಲಸ ಮಾಡಬೇಕು. ತಮ್ಮಂಥ ತೊಂದರೆ ಇರುವವರಲ್ಲಿ ಅಲ್ಪಾಂತರ ಪ್ರತಿಬಂಧ ಕಡಿಮೆ ಇರುವುದನ್ನು 1995ರಲ್ಲಿ ರಿಡ್ಡಿಂಗ್ ಮತ್ತು ಸಂಗಡಿಗರು ತೋರಿಸಿದರು. ಆದ್ದರಿಂದ ‘ಬ್ರೇಕ್’ ಎಂಬ ಮಾತಿಗೆ ಆಧಾರವಿಲ್ಲದಿಲ್ಲ. ಆದರೆ ಆ ಕೊರತೆ ಗುಂಪಿನ ಸರಾಸರಿಯಲ್ಲಿ ಕಾಣುವಂಥದ್ದು. ಆರೋಗ್ಯವಂತರಲ್ಲೇ ಈ ಅಳತೆ ಒಬ್ಬರಿಂದ ಒಬ್ಬರಿಗೆ ತುಂಬ ವ್ಯತ್ಯಾಸವಾಗುವುದರಿಂದ ಒಬ್ಬ ವ್ಯಕ್ತಿಯ ಸಂಖ್ಯೆಯನ್ನು ನೋಡಿ ರೋಗ ಇದೆ ಅಥವಾ ಇಲ್ಲ ಎನ್ನಲಾಗದು. ಇದೇ ಕೊರತೆ ಪಾರ್ಕಿನ್ಸನ್ ಕಾಯಿಲೆಯಲ್ಲಿ, ಮೋಟರ್ ನ್ಯೂರಾನ್ ಕಾಯಿಲೆಯಲ್ಲಿ, ಸ್ಕಿಜೋಫ್ರೇನಿಯಾದಲ್ಲಿ ಕೂಡ ವರದಿಯಾಗಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಸ್ಕಿಜೋಫ್ರೇನಿಯಾದಲ್ಲಿ ಕಾರ್ಟೆಕ್ಸಿನ ಪ್ರತಿಬಂಧವನ್ನು ಟಿಎಂಎಸ್‌ನಿಂದ ಅಳೆದ ಅಧ್ಯಯನಗಳು ಪ್ರಕಟವಾಗಿವೆ. ಮಾನಸಿಕ ಕಾರಣದಿಂದ ಬರುವ ಡಿಸ್ಟೋನಿಯಾದಲ್ಲಿಯೂ (ಸ್ನಾಯುಗಳು ತಾವಾಗಿಯೇ ಬಿಗಿದು ತಿರುಚುವ ತೊಂದರೆ, ರೈಟರ್ಸ್ ಕ್ರ್ಯಾಂಪ್ ಅದರ ಒಂದು ಬಗೆ) ಪ್ರತಿಬಂಧ ಅಷ್ಟೇ ಕಡಿಮೆ ಇರುವುದನ್ನು 2006ರಲ್ಲಿ ಎಸ್ಪೇ ಮತ್ತು ಸಂಗಡಿಗರು ಕಂಡರು. ಅದು ರೋಗದ ಮೂಲವೋ, ಕೈಯನ್ನು ವರ್ಷಗಟ್ಟಲೆ ಹಾಗೆ ಹಿಡಿದದ್ದರ ಪರಿಣಾಮವೋ ಎಂಬ ಪ್ರಶ್ನೆ ಅಲ್ಲಿಂದ ಎದ್ದಿದೆ.

ಚಿಕಿತ್ಸೆಯ ವಿಷಯ. 1999ರಲ್ಲಿ ಜರ್ಮನಿಯ ಸೀಬ್ನರ್ ತಂಡ ರೈಟರ್ಸ್ ಕ್ರ್ಯಾಂಪ್ ಇದ್ದವರ ಮೋಟರ್ ಕಾರ್ಟೆಕ್ಸಿಗೆ ಕೈ ಅಲುಗಿಸಲು ಬೇಕಾದ ಹೊಸ್ತಿಲಿಗಿಂತ ಮೆಲ್ಲಗಿನ 1 ಹರ್ಟ್ಜ್ ಪ್ರಚೋದನೆ ಕೊಟ್ಟಾಗ ಕಡಿಮೆಯಿದ್ದ ಅಲ್ಪಾಂತರ ಪ್ರತಿಬಂಧ ಸಾಮಾನ್ಯ ಮಟ್ಟಕ್ಕೆ ಬಂದಿತು, ಮೌನಾವಧಿ ಉದ್ದವಾಯಿತು, ಕೆಲವರ ಬರಹದ ಒತ್ತಡವೂ ತಗ್ಗಿತು. ಗಮನಿಸಿ, ಇಲ್ಲಿ 1 ಹರ್ಟ್ಜ್ ಪ್ರಚೋದನೆಯಿಂದ ನಿಜವಾದ ಪ್ರತಿಬಂಧವೇ ಹೆಚ್ಚಿದೆ. ಆರೋಗ್ಯವಂತರಲ್ಲಿ ಇಂಥ ಬದಲಾವಣೆ ಕಾಣದೆ ಕೊರತೆಯಿದ್ದವರಲ್ಲಿ ಮಾತ್ರ ಕಂಡಿರುವುದು, ಪ್ರಚೋದನೆಯ ಫಲ ಮಿದುಳಿನ ಆಗಿನ ಸ್ಥಿತಿಯನ್ನೂ ಅವಲಂಬಿಸಿದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. ನನ್ನ ಹಿಂದಿನ ಮಾತಿಗೆ ಇದನ್ನು ತಿದ್ದುಪಡಿಯಾಗಿ ಸೇರಿಸಿಕೊಳ್ಳಬೇಕು. 2005ರಲ್ಲಿ ಮುರಾಸೆ ಮತ್ತು ಸಂಗಡಿಗರು ಮೋಟರ್ ಕಾರ್ಟೆಕ್ಸಿಗಿಂತ ಅದರ ಮುಂದಿರುವ ಪ್ರೀಮೋಟರ್ ಭಾಗಕ್ಕೆ ಕೊಟ್ಟಾಗ ಬರಹ ಹೆಚ್ಚು ಸುಧಾರಿಸಿದ್ದನ್ನು ಕಂಡರು. ಆದರೆ ಇವೆಲ್ಲ ಕೆಲವೇ ರೋಗಿಗಳ ಅಧ್ಯಯನಗಳು, ಸುಧಾರಣೆ ಬಹುಪಾಲು ಅಲ್ಪಕಾಲದ್ದು. ಹತ್ತು ಸಲ ಬಂದರೆ ಬ್ರೇಕ್ ಮರಳುತ್ತದೆ ಎಂಬ ಭರವಸೆಯನ್ನು ಈ ಸಾಕ್ಷ್ಯದ ಮೇಲೆ ಯಾರೂ ಕೊಡಬಾರದು, ಅದನ್ನು ಓದಿ ನನಗೆ ಬೇಸರವಾಯಿತು.

ತಾವು ಕ್ಲೊನಾಜೆಪಾಮ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ತಲೆಯಲ್ಲಿ ಲೋಹದ ಕ್ಲಿಪ್ ಅಥವಾ ಕಿವಿಯ ಇಂಪ್ಲಾಂಟ್ ಇದ್ದರೆ, ಎಂದಾದರೂ ಫಿಟ್ಸ್ ಬಂದಿದ್ದರೆ, ಯಾವುದೇ ಕಾಂತೀಯ ಪ್ರಚೋದನೆಗೆ ಮೊದಲು ಹೇಳಲೇಬೇಕು. ಮೊದಲನೆಯದು ಅಳತೆಯನ್ನೇ ಬದಲಿಸುತ್ತದೆ, ಉಳಿದವು ಸುರಕ್ಷತೆಯ ವಿಷಯ.

ದಾಖಲೆ ಬರೆಯುವವ:

ತಮಗೆ ಕೃತಜ್ಞ. ಕ್ಲೊನಾಜೆಪಾಮ್ ರಾತ್ರಿ ಅರ್ಧ ಮಾತ್ರೆ ತೆಗೆದುಕೊಳ್ಳುತ್ತೇನೆ. ಆ ಚಿಕಿತ್ಸಾಲಯದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮುಂದಿನ ವಾರ ನನ್ನ ನರರೋಗ ತಜ್ಞರಿಗೆ ಈ ಪುಟವನ್ನು ತೋರಿಸುತ್ತೇನೆ.

ತುಂಗಾತೀರ:

ಇಷ್ಟೆಲ್ಲ ಓದಿದ ಮೇಲೆ ಪಾರ್ಶ್ವವಾಯುವಿನ ವಿಷಯಕ್ಕೆ ಮರಳುತ್ತೇನೆ. ಮಿದುಳಿನ ಪೆಟ್ಟು ಬೀಳದ ಅರ್ಧಗೋಳವು ಪೆಟ್ಟು ಬಿದ್ದ ಅರ್ಧಗೋಳವನ್ನು ಅತಿಯಾಗಿ ತಡೆಯುತ್ತದೆ, ಆದ್ದರಿಂದ ಆರೋಗ್ಯವಾಗಿರುವ ಬದಿಗೆ 1 ಹರ್ಟ್ಜ್ ಕೊಟ್ಟು ಅದನ್ನು ತಣ್ಣಗಾಗಿಸಬೇಕು ಎಂದು ತರಬೇತಿಯಲ್ಲಿ ಕಲಿಸಿದ್ದರು. ಆ ತರ್ಕ ಈಗಲೂ ನಿಲ್ಲುತ್ತದೆಯೇ?

ಅಲೆಮಾಪಕ:

ಎರಡು ಅರ್ಧಗೋಳಗಳ ನಡುವಿನ ತಡೆಯನ್ನು 1992ರಲ್ಲಿ ಫರ್ಬರ್ಟ್ ಮತ್ತು ಸಂಗಡಿಗರು ಎರಡು ಕಾಯಿಲ್‌ಗಳಿಂದ ಅಳೆದು ತೋರಿಸಿದರು, ಪಾರ್ಶ್ವವಾಯುವಿನಲ್ಲಿ ಅದು ಚಲನೆಗೆ ಮುನ್ನ ಸಡಿಲವಾಗದೆ ಉಳಿಯುತ್ತದೆ ಎಂಬುದನ್ನು 2004ರಲ್ಲಿ ಮುರಾಸೆ ತಂಡ ಕಂಡಿತು. ತರ್ಕ ಅಲ್ಲಿಂದ ಬಂದದ್ದು. ಆದರೆ ಆ ತರ್ಕದ ಮೇಲೆಯೇ ಅಮೆರಿಕದ 12 ಕೇಂದ್ರಗಳಲ್ಲಿ 199 ಮಂದಿಯ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವ್ಯಾಯಾಮದ ಜೊತೆ 1 ಹರ್ಟ್ಜ್ ಪಡೆದವರೂ ಹುಸಿ ಪ್ರಚೋದನೆ ಪಡೆದವರೂ ಹೆಚ್ಚುಕಡಿಮೆ ಸಮಾನವಾಗಿ ಸುಧಾರಿಸಿದರು. ಅಲ್ಲಿ ಕೆಲಸ ಮಾಡಿದ್ದು ಬಹುಶಃ ತಮ್ಮಂಥವರು ಮಾಡಿಸುವ ವ್ಯಾಯಾಮ.

ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸವೂ ಸಣ್ಣದಲ್ಲ. 2013ರಲ್ಲಿ ಹಮಾದಾ ಮತ್ತು ಸಂಗಡಿಗರು ಐವತ್ತಕ್ಕೂ ಹೆಚ್ಚು ಆರೋಗ್ಯವಂತರಿಗೆ ಥೀಟಾ ಬರ್ಸ್ಟ್ ಕೊಟ್ಟಾಗ ಒಟ್ಟು ಸರಾಸರಿಯಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಕೆಲವರಲ್ಲಿ ನಿರೀಕ್ಷಿತ ಫಲ, ಕೆಲವರಲ್ಲಿ ತದ್ವಿರುದ್ಧ ಫಲ. ಆ ವ್ಯತ್ಯಾಸದ ಸುಮಾರು ಅರ್ಧದಷ್ಟನ್ನು ವಿವರಿಸಿದ್ದು, ಅವರ ಮಿದುಳಿನಲ್ಲಿ ಟಿಎಂಎಸ್ ಪಲ್ಸ್ ತಡವಾದ ಐ-ಅಲೆಗಳನ್ನು ಎಷ್ಟು ಸುಲಭವಾಗಿ ಎಬ್ಬಿಸುತ್ತದೆ ಎಂಬ ಅಂಶ.

ತುಂಗಾತೀರ:

ಹಾಗಾದರೆ ಇನ್ನೊಂದೇ ಪ್ರಶ್ನೆ. ‘ಪ್ರಚೋದನೆಯ ನಂತರ ಪ್ರತಿಬಂಧ ಬದಲಾಯಿತು’ ಎಂದು ಒಂದು ಪ್ರಬಂಧ ಹೇಳಿದರೆ ಅದನ್ನು ನಂಬುವ ಮೊದಲು ನಾನು ಏನನ್ನು ಹುಡುಕಬೇಕು?

ಅಲೆಮಾಪಕ:

ಮೊದಲು ಎರಡನೆಯ ಪಲ್ಸ್‌ನ ಬಲವನ್ನು ಮತ್ತೆ ಹೊಂದಿಸಿದ್ದಾರೆಯೇ ನೋಡಿ. ಪ್ರಚೋದನೆಯಿಂದ ಎಂಇಪಿ ಒಂದು ಮಿಲಿವೋಲ್ಟ್‌ನಿಂದ ಅರ್ಧ ಮಿಲಿವೋಲ್ಟ್‌ಗೆ ಇಳಿದಿದ್ದರೆ, ಬಲವನ್ನು ಸ್ವಲ್ಪ ಏರಿಸಿ ಅದನ್ನು ಮತ್ತೆ ಒಂದಕ್ಕೆ ತಂದ ಮೇಲೆಯೇ ಪ್ರತಿಬಂಧವನ್ನು ಅಳೆಯಬೇಕು. ಅಲೆಯ ಎತ್ತರವೇ ಬೇರೆಯಾದಾಗ ಪ್ರತಿಬಂಧದ ಶೇಕಡಾವಾರು ಅಂಕಿ ತಾನಾಗಿಯೇ ಬದಲಾಗುತ್ತದೆ. ಹಾಗೆ ಹೊಂದಿಸದೆ ಬರೆದ ಪ್ರಬಂಧ ಅಳೆದಿರುವುದು ಬಹುಶಃ ತಾವು ಮೊದಲ ದಿನ ಕೇಳಿದ ಎರಡು ಅರ್ಥಗಳ ಕಲಬೆರಕೆಯನ್ನು. ಆಮೇಲೆ ಅಳೆಯುವಾಗ ಕೈ ಪೂರ್ತಿ ವಿಶ್ರಾಂತಿಯಲ್ಲಿತ್ತೇ ಎಂಬುದನ್ನು ನೋಡಿ. ಬೆರಳನ್ನು ಸ್ವಲ್ಪ ಬಿಗಿದರೂ ಅಲ್ಪಾಂತರ ಪ್ರತಿಬಂಧ ತಗ್ಗುತ್ತದೆ, ಏಕೆಂದರೆ ಚಲಿಸಬೇಕಾದ ಸ್ನಾಯುವಿನ ಮೇಲಿನ ತಡೆಯನ್ನು ಮಿದುಳು ಚಲನೆಗೆ ಮುನ್ನವೇ ಸಡಿಲಿಸುತ್ತದೆ. ಇವೆರಡನ್ನು ಸ್ಪಷ್ಟವಾಗಿ ಬರೆಯದ ಪ್ರಬಂಧಗಳನ್ನು ನಾನು ಓದಿ ಪಕ್ಕಕ್ಕಿಡುತ್ತೇನೆ.